ಬೈಪಾಸ್ ಆಗಿ ಎಂಟು ತಿಂಗಳಿಗೆ ಎದೆಯಲ್ಲೊಂದು ತೂತು

“ಸಾಹೇಬ್ರ, ಗಾಯ ಮಾಯ್ದೈತ್ರಿ. ಆದ್ರ ಬನಿಯನ್ ಮ್ಯಾಲ ದಿನಾ ಒಂದು ಕಲಿ ಬೀಳತೈತಿ.”

ರಾಯಬಾಗ ಕಡೆಯ ಕಬ್ಬು ಬೆಳೆಗಾರರು. ಸಕ್ಕರೆ ಕಾಯಿಲೆ ಇತ್ತು. ಬೆಳಗಾವಿಯಲ್ಲಿ ಅವರಿಗೆ ಹೃದಯದ ಬೈಪಾಸ್ ಆಪರೇಷನ್ ಮಾಡಿದವನು ನಾನೇ. ನೋಡಿದರೆ ಎದೆಮೂಳೆಯ ಕೆಳತುದಿಯಲ್ಲಿ ಅಕ್ಕಿಕಾಳಿನಷ್ಟು ತೂತು. ಜ್ವರ ಇಲ್ಲ, ನೋವೂ ಇಲ್ಲ.

ನಾನು ತಪ್ಪಿದ್ದು ಅಲ್ಲೇ. ಮೇಲಿನ ಕೀವನ್ನು ಹತ್ತಿಕಡ್ಡಿಯಲ್ಲಿ ಒರೆಸಿ, ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿ, ಹತ್ತು ದಿನದ ಆಂಟಿಬಯೋಟಿಕ್ ಬರೆದೆ. ತೂತು ಮುಚ್ಚಿತು, ಮೂರು ವಾರಕ್ಕೆ ಮತ್ತೆ ಬಾಯಿ ಬಿಟ್ಟಿತು. ಹೀಗೆ ಎರಡು ಸಲ. ಹತ್ತಿಕಡ್ಡಿಗೆ ಸಿಕ್ಕಿದ್ದು ಚರ್ಮದ ಮೇಲೆ ಸುಮ್ನೆ ಕೂತಿರುವ ರೋಗಾಣು, ಅಷ್ಟೇ.

ಆಮೇಲೆ ಎಲ್ಲ ಆಂಟಿಬಯೋಟಿಕ್ ನಿಲ್ಲಿಸಿ ಎರಡು ವಾರ ಕಾದೆ. “ಔಷಧಿ ಬಂದ್ ಮಾಡಿದ್ರ ಹೆಂಗ್ರಿ?” ಎಂದು ಮಗ ಹೆದರಿದ. ಔಷಧಿ ಮೈಯಲ್ಲಿದ್ದರೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು, ಅದಕ್ಕೆ. ಸಿಟಿ ಸ್ಕ್ಯಾನಿನಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ಬೈಪಾಸ್ ದಿನ ಎದೆಮೂಳೆ ಕೂಡಿಸಲು ಬಿಗಿದಿದ್ದ ತಂತಿಗಳಲ್ಲಿ ಕೆಳಗಿನದರಿಂದ ಪಕ್ಕೆಲುಬಿನ ಮೆದುಮೂಳೆಯವರೆಗೆ ಕೀವಿನ ದಾರಿ ಕಾಣಿಸಿತು.

ಥಿಯೇಟರಿನಲ್ಲಿ ತೂತಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬಿಟ್ಟು, ನೀಲಿ ಹೋದಲ್ಲೆಲ್ಲ ಬಿಡಿಸುತ್ತಾ ಹೋದೆ. ತಂತಿ ಸಡಿಲವಾಗಿತ್ತು, ಕತ್ತರಿಸಿ ತೆಗೆದೆ. ಮೆದುಮೂಳೆ ನೆನೆಸಿಟ್ಟ ಕೊಬ್ಬರಿಯ ಹಾಗೆ ಪುಡಿಯಾಗುತ್ತಿತ್ತು. ಅದರೊಳಗೆ ರಕ್ತನಾಳವೇ ಇರಲ್ಲ, ಔಷಧಿ ಹೋಗೋದಾದರೂ ಹೇಗೆ? ಗಟ್ಟಿ ಬಿಳಿ ಭಾಗ ಸಿಗುವವರೆಗೂ ಕೆತ್ತಿದೆ. ಸಾಲದ್ದಕ್ಕೆ ಎದೆಮೂಳೆಗೆ ರಕ್ತ ಕೊಡುವ ಎಡಗಡೆಯ ನಾಳವನ್ನೇ ನಾವು ಬೈಪಾಸ್‌ಗೆ ಬಳಸಿರುತ್ತೇವೆ.

ಐದು ತುಣುಕು ತೆಗೆದೆ. ಸಿಸ್ಟರ್ ರೂಢಿಯಂತೆ ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಬಾಟಲಿ ಹಿಡಿದರು. ಫಾರ್ಮಲಿನ್‌ಗೆ ಬಿದ್ದರೆ ರೋಗಾಣು ಸತ್ತೇ ಹೋಗುತ್ತೆ, ಕಲ್ಚರ್ ಅಲ್ಲಿಗೆ ಮುಗೀತು. ಒಂದನ್ನು ಮಾತ್ರ ಬಯಾಪ್ಸಿಗೆ ಅದರಲ್ಲಿ ಹಾಕಿಸಿ, ಉಳಿದದ್ದನ್ನು ಸಲೈನ್‌ನಲ್ಲಿ ಕಳಿಸಿದೆ. ಟಿಬಿ, ಫಂಗಸ್ ಎರಡಕ್ಕೂ ನೋಡಿ ಎಂದು ಚೀಟಿಯಲ್ಲಿ ಬರೆದೆ. ಬರೆಯದಿದ್ದರೆ ಲ್ಯಾಬಿನವರು ಎರಡು ದಿನಕ್ಕೇ ಕಲ್ಚರ್ ಪ್ಲೇಟ್ ಎಸೆದುಬಿಡ್ತಾರೆ.

ಬಯಾಪ್ಸಿಯಲ್ಲಿ ಗ್ರಾನ್ಯುಲೋಮಾ, ಅಂದರೆ ಉರಿಯೂತದ ಕಣಗಳ ಪುಟ್ಟ ಗಂಟು, ಬಂತು. ನಮ್ಮ ಕಡೆ ಅದನ್ನು ಕಂಡ ಕೂಡಲೇ ಟಿಬಿ ಗುಳಿಗೆ ಬರೆಯಲು ಕೈ ಹೋಗುತ್ತೆ. ಅದೃಷ್ಟಕ್ಕೆ ನಾನು ಬರೆಯದೆ ಕಲ್ಚರ್ ಬರಲಿ ಎಂದು ಕಾದೆ. ಆರನೇ ದಿನವೇ ಕಲ್ಚರ್ ಬೆಳೆಯಿತು. ಟಿಬಿ ಆಗಿದ್ದರೆ ವಾರಗಟ್ಟಲೆ ಬೇಕು, ಅಲ್ವಾ? ಇದು ಅದರ ದಾಯಾದಿ, ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್. ನೀರು, ಮಣ್ಣಿನಲ್ಲಿ ಬದುಕುತ್ತೆ, ಮಾಮೂಲಿ ಟಿಬಿ ಗುಳಿಗೆಗೆ ಬಗ್ಗಲ್ಲ.

ಯಾವ ಔಷಧಿಗೆ ಬಗ್ಗುತ್ತೆ ಎಂದು ಹೇಳುವ ಸೆನ್ಸಿಟಿವಿಟಿ ರಿಪೋರ್ಟ್ ನೋಡಿಕೊಂಡು ಅಮಿಕಾಸಿನ್ ಇಂಜೆಕ್ಷನ್ ಜೊತೆ ಸಿಪ್ರೊಫ್ಲಾಕ್ಸಾಸಿನ್ ಶುರು ಮಾಡಿದೆ. ಅಮಿಕಾಸಿನ್ ಕಿಡ್ನಿ, ಕಿವಿಗೆ ಪೆಟ್ಟು ಕೊಡಬಹುದು, ಹಾಗಾಗಿ ಎರಡನ್ನೂ ಪರೀಕ್ಷೆ ಮಾಡಿಸುತ್ತಿದ್ದೆ. ಆಮೇಲೆ ಎರಡು ಬಗೆಯ ಗುಳಿಗೆ. ಗಾಯಕ್ಕೆ ಕೀವು-ನೀರನ್ನು ಹೀರುವ ವ್ಯಾಕ್ಯೂಮ್ ಡ್ರೆಸ್ಸಿಂಗ್, ಸ್ವಚ್ಛವಾದ ಮೇಲೆ ಎದೆಯ ಸ್ನಾಯುವನ್ನೇ ತಿರುಗಿಸಿ ಮುಚ್ಚಿದೆವು.

ನಾಲ್ಕನೇ ತಿಂಗಳು, ಕಬ್ಬು ಕಡಿಯುವ ಹೊತ್ತು. “ಈಗ ಕಲಿ ಇಲ್ಲ, ಗುಳಿಗಿ ಸಾಕ್ರಿ” ಅಂದರು. ನಾನು ಬಿಡಲಿಲ್ಲ, ಆರು ತಿಂಗಳು ಪೂರ್ತಿ ನುಂಗಿಸಿದೆ.