ಹಳೇ ಕಾರಿಗೂ ಒಂದು ಹ್ಯಾಂಡಲ್ ಲಾಕ್

ಅಮೆರಿಕಕ್ಕೆ ಬಂದು ಮೂರ್ನಾಲ್ಕು ತಿಂಗಳಾದರೆ ನಮ್ಮಲ್ಲಿ ಹೆಚ್ಚಿನವರು ಹತ್ತು ವರ್ಷ ಹಳೆಯದೊಂದು ಕಾರು ಕೊಳ್ಳುತ್ತೇವೆ. 'ಈ ಡಬ್ಬಾನ ಯಾರು ಕದೀತಾರೆ' ಅಂತ ನಾನೂ ಅಂದುಕೊಂಡಿದ್ದೆ. ಶಿಕಾಗೋ ಹತ್ತಿರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಕಾರು ನಿಲ್ಲಿಸಿದ್ದ ಜಾಗದಲ್ಲಿ ಗಾಜಿನ ಚೂರುಗಳಷ್ಟೇ ಇದ್ದವು.

ಕೊಳ್ಳುವ ಮೊದಲೇ ಕಾರಿನಲ್ಲಿ ಇಮ್ಮೊಬಿಲೈಸರ್ ಇದೆಯಾ ಕೇಳಿ. ಅದಿದ್ದರೆ ಕೀಲಿಯೊಳಗಿನ ಚಿಪ್ ಗುರುತು ಹತ್ತದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ, ಇಲ್ಲಿ ಅಲ್ಲ. 2011ರಿಂದ 2022ರವರೆಗಿನ ಹ್ಯುಂಡೈ, ಕಿಯಾ ಕಾರುಗಳಲ್ಲಿ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಎಷ್ಟೋ ಮಾಡೆಲ್‌ಗಳಿಗೆ ಇದನ್ನು ಹಾಕಿರಲಿಲ್ಲ. ಹುಡುಗರು ವಿಡಿಯೋ ನೋಡಿಕೊಂಡೇ ಅವನ್ನು ಕದಿಯುವುದು ಕಲಿತರು. 2023ರ ಫೆಬ್ರವರಿಯಲ್ಲಿ ಎರಡೂ ಕಂಪನಿಗಳು ಈ ಕಳ್ಳತನ ತಡೆಯಲು ಉಚಿತ ಸಾಫ್ಟ್‌ವೇರ್ ಅಪ್‌ಡೇಟ್ ಪ್ರಕಟಿಸಿದವು. ಸೆಕೆಂಡ್ ಹ್ಯಾಂಡ್ ಕಾರಾದರೂ ಪರವಾಗಿಲ್ಲ, ಡೀಲರ್‌ಗೆ ವಿಐಎನ್ (ಪ್ರತಿ ಕಾರಿಗೂ ಇರುವ ಗುರುತಿನ ನಂಬರ್) ಕೊಟ್ಟು ವಿಚಾರಿಸಿ. ಹಾಕಿಸಿದ ಮೇಲೆ ರಿಮೋಟ್‌ನಿಂದಲೇ ಲಾಕ್ ಮಾಡಬೇಕು. ಬಾಗಿಲಿನ ಗುಂಡಿ ಒತ್ತಿ ಇಳಿದರೆ ಅದು ಕಾಯುವುದಿಲ್ಲ. ಇಂಥ ಕಾರು ನೋಡುತ್ತಿದ್ದರೆ ಮುಂಗಡ ಕೊಡುವ ಮೊದಲು ಇನ್ಶೂರೆನ್ಸ್ ಎಷ್ಟಾಗುತ್ತದೆ ಕೇಳಿಕೊಳ್ಳಿ.

ಬೆಂಗಳೂರಿನಲ್ಲಿ ಗಾಡಿ ನಿಲ್ಲಿಸಿದ ತಕ್ಷಣ 'ಹ್ಯಾಂಡಲ್ ಲಾಕ್ ಮಾಡಿದ್ಯಾ' ಅಂತ ಕೇಳುತ್ತೇವಲ್ವಾ? ಅದೇ ಅಭ್ಯಾಸ ಇಲ್ಲಿಗೂ ತನ್ನಿ. ಸ್ಟೀರಿಂಗ್‌ಗೆ ಹಾಕುವ ಕಬ್ಬಿಣದ ಲಾಕ್ ಸಿಗುತ್ತದೆ, ಜಾಸ್ತಿ ಬೆಲೆಯಲ್ಲ. ಗರಗಸ ಇದ್ದವನು ಕೊಯ್ದಾನು, ನಿಜ. ಆದರೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ ಅಂತ ಗೊತ್ತಾದರೆ ಪಕ್ಕದ ಕಾರಿಗೆ ಹೋಗುತ್ತಾನೆ. (ಪಕ್ಕದವರಿಗೂ ಒಂದು ಕೊಳ್ಳಲು ಹೇಳಿ!) ಹೊರಗಿನಿಂದ ಎದ್ದು ಕಾಣುವ ಹಳದಿ ಅಥವಾ ಕೆಂಪು ಬಣ್ಣದ್ದೇ ಇರಲಿ. ಕೆಲವು ಊರುಗಳಲ್ಲಿ ಪೊಲೀಸರೇ ಉಚಿತವಾಗಿ ಕೊಟ್ಟಿದ್ದಾರೆ, ಒಂದು ಫೋನ್ ಮಾಡಿ ನೋಡಿ.

ಚಳಿಗಾಲದಲ್ಲಿ ಎಂಜಿನ್ ಬಿಸಿಯಾಗಲಿ ಅಂತ ಕೀಲಿ ಬಿಟ್ಟು ಒಳಗೆ ಕಾಫಿ ಕುಡಿಯಲು ಹೋಗಬೇಡಿ. ಕೊಲರಾಡೊದಂಥ ಕಡೆ ಅದಕ್ಕೆ ದಂಡವೇ ಇದೆ.

2004ರಿಂದ 2009ರ ಟೊಯೋಟಾ ಪ್ರಿಯಸ್ ಕಾರು ಇಟ್ಟುಕೊಂಡವರ ಕಥೆ ಬೇರೆ. ಕಾರು ಅಲ್ಲೇ ಇರುತ್ತದೆ, ಅಡಿಯಲ್ಲಿದ್ದ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಾಯ! ಅದರೊಳಗೆ ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟ್ರ್ಯಾಕ್ಟರ್ ಥರ ಗುಡುಗುತ್ತದೆ. ಕಾರಿನ ತಳಕ್ಕೆ ಲೋಹದ ತಗಡು ಹಾಕಿಸಬಹುದು. ಗರಾಜ್ ಇಲ್ಲದಿದ್ದರೆ ದೀಪದ ಕೆಳಗೆ ನಿಲ್ಲಿಸಿ.

ಹಳೇ ಕಾರಿಗೆ ಸಾಕು ಅಂತ ಬರೀ ಲಯಬಿಲಿಟಿ ಇನ್ಶೂರೆನ್ಸ್ (ನಮ್ಮಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ) ಮಾಡಿಸಿದರೆ ಕಳ್ಳತನಕ್ಕೆ ಪೈಸೆ ಬರುವುದಿಲ್ಲ. ಅದಕ್ಕೆ ಕಾಂಪ್ರಹೆನ್ಸಿವ್ ಬೇಕು. ಒಳಗಿದ್ದ ಲ್ಯಾಪ್‌ಟಾಪ್‌ಗೆ ಅದೂ ಸಾಮಾನ್ಯವಾಗಿ ಆಗುವುದಿಲ್ಲ, ಬಾಡಿಗೆ ಮನೆಯವರು ತಮ್ಮ ಸಾಮಾನಿಗೆ ಮಾಡಿಸುವ ರೆಂಟರ್ಸ್ ಪಾಲಿಸಿ ನೋಡಬೇಕು. ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಪತ್ರ, ಮನೆಯಲ್ಲಿರಲಿ. ನಾನು ಊರಿನ ಆರ್‌ಸಿ ಥರ ಅದನ್ನೂ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೆ. ಕಾರಿನ ಜೊತೆ ಅದೂ ಹೋಯಿತು, ಹೊಸದಕ್ಕೆ ಮತ್ತೆ ಅರ್ಜಿ ಹಾಕಿ ಅಲೆದೆ.

ವಿಐಎನ್, ನಂಬರ್ ಪ್ಲೇಟ್ ಎರಡರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಪೊಲೀಸರು ಮೊದಲು ಕೇಳುವುದೇ ಅದು. ಸೀಟಿನಡಿ ಏರ್‌ಟ್ಯಾಗ್ (ಇರುವ ಜಾಗ ಫೋನಿನಲ್ಲಿ ತೋರಿಸುವ ಪುಟ್ಟ ಬಿಲ್ಲೆ) ಇಟ್ಟಿದ್ದರೂ ಅದನ್ನು ಹಿಂಬಾಲಿಸಿ ನೀವೇ ಹೋಗಬೇಡಿ, ಜಾಗ ಪೊಲೀಸರಿಗೆ ಹೇಳಿ. ಕಾರು ಸಿಕ್ಕಿತು ಅಂತ ಫೋನ್ ಬಂದರೆ ಅವತ್ತೇ ಓಡಿ. ಎಳೆದು ತಂದ ಕಾರುಗಳನ್ನು ಇಡುವ ಟೋ ಯಾರ್ಡಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ. ನನ್ನದು ಹನ್ನೊಂದು ದಿನಕ್ಕೆ ಸಿಕ್ಕಿತು. ಸ್ಟೀರಿಯೋ ಇರಲಿಲ್ಲ. ಲೆಮಾಂಟ್ ದೇವಸ್ಥಾನದಿಂದ ತಂದಿದ್ದ ಪುಳಿಯೋಗರೆ ಡಬ್ಬಿ ಮಾತ್ರ ಹಿಂದಿನ ಸೀಟಿನಲ್ಲಿ ಹಾಗೇ ಇತ್ತು.