ಕೆರೆ ಉದ್ಯಾನಕ್ಕೆ ಅನುದಾನ ಕೇಳುವ ಮೊದಲು ನಾವು ಚರಂಡಿ ನೋಡಿದೆವು

ನಮ್ಮದು ಬಯಲುಸೀಮೆಯ ಒಂದು ನಗರಸಭೆ, ಜನಸಂಖ್ಯೆ ಒಂದು ಲಕ್ಷದೊಳಗೆ. ಊರಿನ ಹೆಸರು ಬೇಡ. ನಾನು ಇನ್ನೂ ಅದೇ ಕಚೇರಿಯಲ್ಲಿ ಪರಿಸರ ಅಭಿಯಂತರಳಾಗಿದ್ದೇನೆ, ಕಡತವೂ ಇನ್ನೂ ಮುಗಿದಿಲ್ಲ.

ಊರಿಗೂ ಕೆರೆಯ ಅಂಗಳಕ್ಕೂ ನಡುವೆ ಒಂದು ಹಳೆಯ ಉದ್ಯಾನವಿದೆ. ಊರಿನ ಮುಖ್ಯ ಮಳೆನೀರು ಚರಂಡಿ ಇದರ ಮಧ್ಯದಲ್ಲೇ ಹಾದು ಕೆರೆ ಸೇರುತ್ತದೆ. ಜೋರು ಮಳೆ ಬಂದರೆ ಉದ್ಯಾನದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಮಳೆ ಇಲ್ಲದ ದಿನಗಳಲ್ಲಿ ವಾಯುವಿಹಾರಕ್ಕೆ ಬಂದವರು ಮೂಗು ಮುಚ್ಚಿಕೊಂಡು ನಡೆಯುತ್ತಿದ್ದರು. ಪ್ರತಿ ಸಾಮಾನ್ಯ ಸಭೆಯಲ್ಲೂ ವಿಷಯ ಬರುತ್ತಿತ್ತು, ಹಣವಿಲ್ಲ ಎಂಬ ಉತ್ತರದೊಂದಿಗೆ ಮುಂದಕ್ಕೆ ಹೋಗುತ್ತಿತ್ತು.

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಮೃತ್ 2.0 ಯೋಜನೆ ಪ್ರಾರಂಭಿಸಿತು. ಹಿಂದಿನ ಅಮೃತ್ ಸುಮಾರು ಐನೂರು ನಗರಗಳಿಗೆ ಸೀಮಿತವಾಗಿತ್ತು. ಹೊಸದರಲ್ಲಿ ನಮ್ಮಂಥ ಸಣ್ಣ ಊರುಗಳಿಗೂ ಜಾಗ ಸಿಕ್ಕಿತು. ಕುಡಿಯುವ ನೀರಿನ ಜೊತೆಗೆ ಜಲಮೂಲಗಳ ಪುನಶ್ಚೇತನ ಮತ್ತು ಉದ್ಯಾನಗಳೂ ಅದರ ವ್ಯಾಪ್ತಿಯಲ್ಲಿದ್ದವು. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಕೇಂದ್ರದ ಪಾಲು ಯೋಜನಾ ವೆಚ್ಚದ ಅರ್ಧದಷ್ಟು; ಒಂದರಿಂದ ಹತ್ತು ಲಕ್ಷದ ಊರಿಗೆ ಮೂರನೆಯ ಒಂದು ಭಾಗ. ನಮ್ಮ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ.

ಸುದ್ದಿ ಹರಡುತ್ತಿದ್ದಂತೆ ಬೇಡಿಕೆಗಳು ಬಂದವು: ಸಂಗೀತ ಕಾರಂಜಿ, ದೋಣಿವಿಹಾರ, ಸೆಲ್ಫಿ ಪಾಯಿಂಟ್, ಬಣ್ಣದ ದೀಪ, ಕಮಾನು. ಒಬ್ಬ ಹಿರಿಯ ಸದಸ್ಯರು ನನ್ನ ಮೇಜಿನ ಮುಂದೆ ಕುಳಿತು, ‘ಮೇಡಂ, ಕಾರಂಜಿ ಇಲ್ಲದಿದ್ದರೆ ಜನ ಯಾವುದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕು?’ ಎಂದು ಕೇಳಿದರು. ಪಕ್ಕದ ಮೇಜಿನ ಲೆಕ್ಕ ಶಾಖೆಯವರು ತಲೆ ಎತ್ತದೆಯೇ, ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂದರು. ಸದಸ್ಯರು ನಕ್ಕರೂ ಕಾರಂಜಿಯನ್ನು ಮಾತ್ರ ಬಿಡಲಿಲ್ಲ.

ಅವರ ಬಾಯಿ ಮುಚ್ಚಿಸಿದ್ದು ನಾನಲ್ಲ, ಮಾರ್ಗಸೂಚಿ. ಮಳೆನೀರನ್ನು ಚರಂಡಿಯ ಮೂಲಕ ಕೆರೆಗೆ ತರುವ ಕಾಮಗಾರಿಗೆ ಹಣ ಕೊಡಬಹುದು, ಆದರೆ ಆ ಚರಂಡಿಯಲ್ಲಿ ಕೊಳಚೆ ಹರಿಯುತ್ತಿರಬಾರದು ಎಂಬ ಷರತ್ತು ಅದರಲ್ಲಿದೆ. ಇಡೀ ಅರ್ಜಿಯ ಜೀವ ಈ ಒಂದು ಷರತ್ತಿನಲ್ಲಿದೆ ಎಂದು ನನಗೆ ಆಗಲೇ ಅನ್ನಿಸಿತು. ನಮ್ಮ ಚರಂಡಿಯಲ್ಲಿ ಹರಿಯುತ್ತಿದ್ದುದು ಏನು ಎಂಬುದು ಊರಿಗೆಲ್ಲ ಗೊತ್ತಿತ್ತು. ಎಷ್ಟು, ಎಲ್ಲಿಂದ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಪತ್ತೆ ಮಾಡಲು ದುಬಾರಿ ಉಪಕರಣ ಬೇಕಿಲ್ಲ. ಮಾರ್ಚ್ ತಿಂಗಳು ಬೇಕು. ಮಳೆ ಬಿದ್ದು ತಿಂಗಳುಗಳಾದ ಮೇಲೂ ಮಳೆನೀರು ಚರಂಡಿಯಲ್ಲಿ ನೀರು ಹರಿಯುತ್ತಿದೆ ಎಂದರೆ ಅದು ಮಳೆನೀರಲ್ಲ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ, ಮನೆಗಳಲ್ಲಿ ಸ್ನಾನ, ಪಾತ್ರೆ, ಬಟ್ಟೆ ನಡೆಯುವ ಹೊತ್ತಿನಲ್ಲಿ, ನಾನು, ಕಿರಿಯ ಅಭಿಯಂತರರು ಮತ್ತು ಇಬ್ಬರು ಪೌರಕಾರ್ಮಿಕರು ಉದ್ಯಾನದ ಬಾಯಿಯಿಂದ ಹಿಡಿದು ಚರಂಡಿಯ ಗುಂಟ ಮೇಲಕ್ಕೆ ನಡೆದೆವು. ಚಪ್ಪಡಿ ಎತ್ತಿಸಿ ನೋಡಿದೆವು. ಪ್ರತಿ ಅಡ್ಡಚರಂಡಿ ಸೇರುವಲ್ಲಿ ನೀರಿದೆಯೋ ಒಣಗಿದೆಯೋ ಎಂದು ನಕ್ಷೆಯಲ್ಲಿ ಗುರುತು ಹಾಕಿದೆವು. ಒಣಗಿದ್ದ ಕವಲುಗಳನ್ನು ಬಿಟ್ಟು ಹರಿಯುತ್ತಿದ್ದವನ್ನಷ್ಟೇ ಹಿಂಬಾಲಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಅನುಮಾನ ಬಂದ ಮನೆಗಳ ಶೌಚಾಲಯದಲ್ಲಿ ಬಣ್ಣದ ಪುಡಿ ಕರಗಿಸಿ ನೀರು ಬಿಟ್ಟು, ಕೆಳಗಿನ ಚಪ್ಪಡಿಯ ಬಳಿ ಬಣ್ಣ ಬರುತ್ತದೆಯೇ ಎಂದು ಕಾದು ನಿಂತೆವು.

ಸಿಕ್ಕಿದ್ದು ಮೂರು ಬಗೆ. ಒಳಚರಂಡಿ ಕೊಳವೆ ಮನೆಮುಂದೆಯೇ ಹೋಗಿದ್ದರೂ ಸಂಪರ್ಕ ಪಡೆಯದ ಮನೆಗಳು. ಒಳಚರಂಡಿಯೇ ಇಲ್ಲದ ಎರಡು ಬೀದಿಗಳು. ಮೂರನೆಯದು ನಮ್ಮ ನಿರೀಕ್ಷೆಯಲ್ಲೇ ಇರಲಿಲ್ಲ. ಒಂದು ತಿರುವಿನಲ್ಲಿ ಚಪ್ಪಡಿ ಎತ್ತಿದಾಗ ಚರಂಡಿಯ ಗೋಡೆಯಲ್ಲಿ ಆರಿಂಚಿನ ಪಿವಿಸಿ ಪೈಪ್ ಕಂಡಿತು, ಸುತ್ತ ಅಚ್ಚುಕಟ್ಟಾಗಿ ಸಿಮೆಂಟ್ ಮೆತ್ತಿತ್ತು. ಪಕ್ಕದ ಮ್ಯಾನ್‌ಹೋಲ್ ಮುಚ್ಚಳ ತೆಗೆದು ನೋಡಿದರೆ ಪೈಪಿನ ಇನ್ನೊಂದು ತುದಿ ಅಲ್ಲಿತ್ತು, ಅರ್ಧ ಎತ್ತರದಲ್ಲಿ. ಒಳಚರಂಡಿ ಕಟ್ಟಿಕೊಂಡಾಗ ರಸ್ತೆಗೆ ಉಕ್ಕದಿರಲಿ ಎಂದು ಯಾರೋ ಎಂದೋ ಮಾಡಿದ ಉಪಾಯ. ಕೆಳಗಿನ ಕೊಳವೆ ಹೂಳು ತುಂಬಿ ಕಾಯಂ ಆಗಿ ಕಟ್ಟಿಕೊಂಡಿದ್ದರಿಂದ ಆ ಭಾಗದ ಕೊಳಚೆಯೆಲ್ಲ ಇದರ ಮೂಲಕವೇ ಕೆರೆಗೆ ಹೋಗುತ್ತಿತ್ತು. ನಮ್ಮ ವಾಲ್ವ್‌ಮನ್ ಒಬ್ಬರು ಅದನ್ನು ನೋಡಿ, ‘ಕೆಲಸ ಚೆನ್ನಾಗಿ ಮಾಡಿದ್ದಾರೆ ಮೇಡಂ’ ಎಂದು ಮೆಚ್ಚಿಕೊಂಡರು. ನಿಜ ಹೇಳಬೇಕೆಂದರೆ ಇಡೀ ಚರಂಡಿಯಲ್ಲಿ ಅಷ್ಟು ಗಟ್ಟಿಯಾದ ಕೆಲಸ ಇನ್ನೊಂದು ಇರಲಿಲ್ಲ.

ಅಳತೆಗೂ ಸರಳ ದಾರಿಯಿದೆ. ಚರಂಡಿಯ ನೀರು ಒಂದು ಮೆಟ್ಟಿಲಿನಿಂದ ಕೆಳಗೆ ಬೀಳುವ ಜಾಗದಲ್ಲಿ ಬಕೆಟ್ ಹಿಡಿದು ಗಡಿಯಾರ ನೋಡುವುದು. 15 ಲೀಟರಿನ ಬಕೆಟ್ 5 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 3 ಲೀಟರ್. ಅದೇ ವೇಗದಲ್ಲಿ ದಿನವಿಡೀ ಹರಿದರೆ ಸುಮಾರು 2.6 ಲಕ್ಷ ಲೀಟರ್. ಆದರೆ ಬೆಳಗಿನ ಹರಿವು ಮಧ್ಯಾಹ್ನ ಇರುವುದಿಲ್ಲ, ನಡುರಾತ್ರಿ ಇನ್ನೂ ಕಡಿಮೆ. ಆದ್ದರಿಂದ ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಸರಾಸರಿ ತೆಗೆಯಬೇಕು. ಜೊತೆಗೆ ನೀರಿನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಬಿಒಡಿ, ಅಂದರೆ ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ, ಎಷ್ಟೆಂಬ ವರದಿ ಕಡತದಲ್ಲಿದ್ದರೆ ವಾದದ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ದೊಡ್ಡ ಕೆಲಸ ಮಳೆಯ ಲೆಕ್ಕ. ಈ ಹಿಂದೆ ಒಬ್ಬ ಸಲಹೆಗಾರರು ಇದೇ ಉದ್ಯಾನಕ್ಕೆ ಮಾಡಿಕೊಟ್ಟಿದ್ದ ವಿಸ್ತೃತ ಯೋಜನಾ ವರದಿ (ಡಿಪಿಆರ್) ನಮ್ಮ ಬೀರುವಿನಲ್ಲಿತ್ತು. ಅದರಲ್ಲಿ ವಾರ್ಷಿಕ ಸರಾಸರಿ ಮಳೆಯ ಅಂಕಿ ಮಾತ್ರ ಇತ್ತು, ಒಂದು ಪುಟದಲ್ಲಿ ಬೇರೆ ಊರಿನ ಕೆರೆಯ ಹೆಸರೂ ಹಾಗೇ ಉಳಿದಿತ್ತು. ವರ್ಷಕ್ಕೆ ಎಷ್ಟು ಮಳೆ ಎಂಬುದರಿಂದ ಚರಂಡಿಯ ಅಗಲ ನಿರ್ಧಾರವಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಎಷ್ಟು ಸುರಿಯುತ್ತದೆ ಎಂಬುದರಿಂದ ಆಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸುತ್ತವೆ. ಆ ಅಂಕಿಗಳನ್ನು ಬರೆದು ಕೇಳಿ ತರಿಸಿಕೊಂಡೆವು.

ಲೆಕ್ಕ ಹೀಗೆ: ಜಲಾನಯನ ಪ್ರದೇಶದ ಹೆಕ್ಟೇರ್, ಗಂಟೆಗೆ ಬೀಳುವ ಮಳೆಯ ಮಿಲಿಮೀಟರ್, ನೆಲ ಹೀರದೆ ಬಿಟ್ಟುಕೊಡುವ ಪಾಲು, ಈ ಮೂರನ್ನೂ ಗುಣಿಸಿ, ಬಂದದ್ದನ್ನು ಮತ್ತೆ ಹತ್ತರಿಂದ ಗುಣಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ಹರಿಯುತ್ತದೆಂದು ಬರುತ್ತದೆ. ಉದಾಹರಣೆಗೆ 60 ಹೆಕ್ಟೇರ್, 50 ಮಿ.ಮೀ., 0.6 ಎಂದಿಟ್ಟುಕೊಳ್ಳಿ. ಗಂಟೆಗೆ 18,000 ಘನ ಮೀಟರ್, ಅಂದರೆ ಸೆಕೆಂಡಿಗೆ 5 ಘನ ಮೀಟರ್. ಒಂದೂಕಾಲು ಮೀಟರ್ ಅಗಲ, ಒಂದು ಮೀಟರ್ ಆಳದ ಚರಂಡಿಯಲ್ಲಿ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡಿದರೂ ಸಾಗುವುದು ಅದರ ಅರ್ಧ. ಉಳಿದರ್ಧ ಎಲ್ಲಿಗೆ ಹೋಗಬೇಕು? ಉದ್ಯಾನಕ್ಕೇ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತಿದ್ದುದಕ್ಕೆ ಈ ಗುಣಾಕಾರದಾಚೆಗೆ ಬೇರೆ ರಹಸ್ಯವಿರಲಿಲ್ಲ.

ಚರಂಡಿಯನ್ನು ಎರಡುಪಟ್ಟು ಅಗಲ ಮಾಡಿ ಕಾಂಕ್ರೀಟ್ ಹಾಕುವುದು ಎಲ್ಲರಿಗೂ ಹೊಳೆಯುವ ಪರಿಹಾರ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನೀರು ಬೇಗ ಓಡಿದಷ್ಟೂ ಕಸ, ಮರಳು, ಎಣ್ಣೆ ಎಲ್ಲವೂ ಬೇಗ ಕೆರೆಗೆ ಬೀಳುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಕೃತಕ ಜೌಗಿನ ಮೂಲಕ ಹಾದು ಕೆರೆ ಸೇರುವುದನ್ನು ನಾನು ನೋಡಿದ್ದೆ. ನಮ್ಮಲ್ಲಿ ಘಟಕವಿಲ್ಲದಿದ್ದರೂ ಮೊದಲ ಮಳೆಯ ಕೊಳೆಯನ್ನು ತಡೆಯಲು ಅದೇ ಕ್ರಮ ಸಣ್ಣದಾಗಿ ಸಾಕೆನಿಸಿತು. ಉದ್ಯಾನದ ಬಾಯಿಯಲ್ಲಿ ಕಸ ತಡೆಯುವ ಸರಳು, ಅದರ ಹಿಂದೆ ಟ್ರ್ಯಾಕ್ಟರ್ ಇಳಿದು ಹೂಳು ಎತ್ತುವಂಥ ಇಳಿಜಾರಿನ ತೊಟ್ಟಿ, ಆಮೇಲೆ ಜೊಂಡಿನ ಜೌಗು, ಅಲ್ಲಿಂದ ಕೆರೆ. ಹೆಚ್ಚುವರಿ ನೀರಿಗೆ ಉದ್ಯಾನದ ಹುಲ್ಲುಹಾಸನ್ನೇ ಒಂದಿಷ್ಟು ತಗ್ಗಿಸಿ, ಅಲ್ಲಿ ತುಂಬಿ ನಿಧಾನವಾಗಿ ಇಳಿಯುವ ಏರ್ಪಾಡು ಮಾಡಿದೆವು. ಉದ್ಯಾನ ಮುಳುಗುವುದನ್ನು ತಪ್ಪಿಸುವ ಬದಲು ಎಲ್ಲಿ, ಎಷ್ಟು ಹೊತ್ತು ಮುಳುಗಬೇಕು ಎಂದು ನಾವೇ ನಿರ್ಧರಿಸಿದೆವು. ಇದನ್ನು ಸಭೆಯಲ್ಲಿ ಒಪ್ಪಿಸಲು ಕಾರಂಜಿಗಿಂತ ಹೆಚ್ಚು ಮಾತು ಬೇಕಾಯಿತು.

ವಾಯುವಿಹಾರದ ದಾರಿಯ ಬಗ್ಗೆಯೂ ಒಂದು ಮಾತು. ಕೆರೆಯ ಪೂರ್ಣ ಜಲಮಟ್ಟದ, ಅಂದರೆ ಕೆರೆ ತುಂಬಿದಾಗ ನೀರು ಮುಟ್ಟುವ ಗೆರೆಯ, ಒಳಗೆ ಮಣ್ಣು ತುಂಬಿ ದಾರಿ ಮಾಡುವುದು ನಮ್ಮಲ್ಲಿ ಮಾಮೂಲು. 500 ಮೀಟರ್ ಉದ್ದ, 6 ಮೀಟರ್ ಅಗಲ, 1 ಮೀಟರ್ ಎತ್ತರಕ್ಕೆ ತುಂಬಿದರೆ 30 ಲಕ್ಷ ಲೀಟರ್ ನೀರಿನ ಜಾಗ ಹೋಯಿತು. ಕೆರೆ ಅಭಿವೃದ್ಧಿ ಎಂದು ಹೆಸರು, ಕೆರೆ ಕಿರಿದಾಗುವುದು ಫಲ. ನಮ್ಮ ನಕ್ಷೆಯಲ್ಲಿ ದಾರಿಯನ್ನು ಜಲಮಟ್ಟದ ಗೆರೆಯಿಂದ ಹೊರಗೆ ಎಳೆದೆವು. ಅದರಿಂದ ದಾರಿ ಕೆಲವೆಡೆ ಅಂಕುಡೊಂಕಾಯಿತು.

ಜಾಗದ ದಾಖಲೆ ಅರ್ಜಿಯ ಅತ್ಯಂತ ನಿಧಾನದ ಭಾಗ. ಅಚ್ಚುಕಟ್ಟು ಪ್ರದೇಶ (ಕೆರೆಯ ನೀರು ಉಣ್ಣುವ ಜಮೀನು) 40 ಹೆಕ್ಟೇರ್ ಮೀರಿದ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿರುತ್ತವೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಯ ಕೈಯಲ್ಲಿ. ಊರು ಬೆಳೆದು ಕೆರೆಯನ್ನು ಸುತ್ತುವರಿದ ಮಾತ್ರಕ್ಕೆ ಅದು ನಗರಸಭೆಯದಾಗುವುದಿಲ್ಲ. ಕೆರೆ ಯಾರ ಹೆಸರಿನಲ್ಲಿದೆ ಎಂದು ಪಹಣಿ ನೋಡಿ, ನಿರಾಕ್ಷೇಪಣಾ ಪತ್ರಕ್ಕೆ ಬರೆದು, ಭೂದಾಖಲೆಗಳ ಕಚೇರಿಯಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸಿ, ಕಲ್ಲು ನೆಡಿಸಿದ ಮೇಲಷ್ಟೇ ಅಂದಾಜುಪಟ್ಟಿಗೆ ಅರ್ಥ ಬರುತ್ತದೆ. ಅನುದಾನದ ಸುದ್ದಿ ಬಂದ ಮೇಲೆ ಇದನ್ನು ಶುರು ಮಾಡಿದರೆ ಅವಧಿ ಮುಗಿದಿರುತ್ತದೆ. ಯಾವ ಯೋಜನೆಯೂ ಇಲ್ಲದ ಕಾಲದಲ್ಲೇ ಅಳತೆ ಮಾಡಿಸಿ ಇಟ್ಟುಕೊಳ್ಳುವುದು ಜಾಣತನ ಎಂದು ಪಕ್ಕದ ಊರಿನ ಅಭಿಯಂತರರಿಗೂ ಹೇಳುತ್ತಿರುತ್ತೇನೆ.

ಹಣವನ್ನು ಒಂದೇ ಕಡೆಯಿಂದ ಕೇಳಲಿಲ್ಲ. ಕೊಳಚೆ ತಡೆಯದೆ ಕೆರೆಗೆ ಹಣವಿಲ್ಲ, ಕೊಳಚೆ ತಡೆಯುವ ಖರ್ಚನ್ನು ಕೆರೆಯ ಶೀರ್ಷಿಕೆಯಲ್ಲಿ ತೋರಿಸಿದರೆ ಅಂದಾಜು ಉಬ್ಬುತ್ತದೆ. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 30 ನೈರ್ಮಲ್ಯಕ್ಕೆ, ಶೇ. 30 ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ಮರುಬಳಕೆಗೆ ಮೀಸಲಾಗಿತ್ತು. ಪೈಪ್ ಕಿತ್ತು ಮ್ಯಾನ್‌ಹೋಲ್ ಸರಿಪಡಿಸುವುದು, ಹೂಳು ತುಂಬಿದ ಕೊಳವೆ ಶುಚಿ ಮಾಡುವುದು, ಬಾಕಿ ಮನೆಗಳಿಗೆ ಸಂಪರ್ಕ ಕೊಡುವುದು, ಇವನ್ನು ನೈರ್ಮಲ್ಯದ ಭಾಗದಲ್ಲಿ ಕ್ರಿಯಾಯೋಜನೆಗೆ ಸೇರಿಸಿ ಮೊದಲೇ ಕೈಗೆತ್ತಿಕೊಂಡೆವು. ಅಮೃತ್ ಪ್ರಸ್ತಾವನೆಯಲ್ಲಿ ಅದೇ ತಿರುವಿನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆವು: ಪೈಪ್ ಇದ್ದದ್ದು, ಪೈಪ್ ತೆಗೆದು ಗೋಡೆ ಮುಚ್ಚಿದ್ದು. ತಾಂತ್ರಿಕ ಸಮಿತಿಯ ಮುಂದೆ ಹೆಚ್ಚು ಹೊತ್ತು ತೆರೆದಿದ್ದ ಪುಟ ಅದೇ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ದಾರಿ. ಊರಿನ ನೀರಿನ ಆಯವ್ಯಯ, ಅದರಿಂದ ಊರಿನ ಜಲ ಕ್ರಿಯಾಯೋಜನೆ, ಅದು ರಾಜ್ಯದ ಕ್ರಿಯಾಯೋಜನೆಯಲ್ಲಿ ಸೇರಿ, ರಾಜ್ಯದ ಉನ್ನತಾಧಿಕಾರ ಸಮಿತಿ ದಾಟಿ ಕೇಂದ್ರಕ್ಕೆ. ನಡುವೆ ಆಕ್ಷೇಪಣೆಗಳು. ದರಪಟ್ಟಿ ಯಾವ ವರ್ಷದ್ದು, ಕಮಾನು ಏಕೆ, ಪೂರ್ಣ ಜಲಮಟ್ಟ ಯಾವ ಆಧಾರದಿಂದ ತೆಗೆದಿರಿ ಎಂದು ಕೇಳಿದರು. ಕಮಾನು ಹೋಯಿತು. ನನಗೆ ದುಃಖವಾಗಲಿಲ್ಲ.

ಹಣ ಬರುವುದು 20, 40, 40 ಶೇಕಡಾ ಎಂಬ ಮೂರು ಕಂತುಗಳಲ್ಲಿ. ಮೊದಲ ಕಂತು ಖರ್ಚಾದ ಬಗ್ಗೆ ಬಳಕೆ ಪ್ರಮಾಣಪತ್ರ ಮತ್ತು ಸ್ವತಂತ್ರ ತಪಾಸಣಾ ಸಂಸ್ಥೆಯ ವರದಿ ಹೋಗದೆ ಎರಡನೆಯದು ಇಲ್ಲ. ಗುತ್ತಿಗೆದಾರರಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಅವರು ಮೊದಲು ಕಣ್ಣಿಗೆ ಕಾಣುವ ಕೆಲಸ ಮಾಡಿ, ನೆಲದಡಿಯದನ್ನು ಕೊನೆಗೆ ಉಳಿಸುತ್ತಾರೆ. ನಾವು ಕಾಮಗಾರಿಯ ಹಂತಗಳನ್ನೇ ತಿರುಗಿಸಿ ಬರೆದೆವು: ಹೂಳಿನ ತೊಟ್ಟಿ ಮತ್ತು ಸರಳು ಮುಗಿಯದೆ ಕಲ್ಲುಹಾಸಿನ ಬಿಲ್ ಇಲ್ಲ.

ನಿರ್ವಹಣೆಗೆ ಸ್ವಸಹಾಯ ಸಂಘದ ಮಹಿಳೆಯರನ್ನು ಅಮೃತ್ ಮಿತ್ರ ಅಡಿಯಲ್ಲಿ ತೊಡಗಿಸುವ ಮಾತುಕತೆ ನಡೆದಿದೆ. ಸಂಘದ ಅಧ್ಯಕ್ಷೆ ಬಂದು ಜಾಗ ನೋಡಿ, ‘ಗಿಡ, ಹುಲ್ಲು, ಜೊಂಡು ಕತ್ತರಿಸುವುದು ನಾವು ಮಾಡುತ್ತೇವಮ್ಮ, ಸರಳಿಗೆ ಸಿಕ್ಕ ಕಸ ತೆಗೆಯಲು ಮಾತ್ರ ಯಂತ್ರ ಕೊಡಿ, ಯಾರೂ ಕೈ ಹಾಕುವುದಿಲ್ಲ’ ಎಂದು ಖಡಾಖಂಡಿತವಾಗಿ ಹೇಳಿದರು. ಅವರು ಹೇಳಿದ್ದು ಸರಿ. ಹೂಳೆತ್ತುವ ವಾಹನದ ಗಂಟೆಯ ಬಾಡಿಗೆಯನ್ನು ನಗರಸಭೆಯ ಬಜೆಟ್‌ನಲ್ಲಿ ಪ್ರತ್ಯೇಕವಾಗಿ ಇಡಲು ಟಿಪ್ಪಣಿ ಹಾಕಿದ್ದೇನೆ.

ಬಾಕಿ ಉಳಿದಿರುವ ದೊಡ್ಡ ತೊಡಕು ನಮ್ಮ ಗಡಿಯ ಆಚೆಗಿದೆ. ಚರಂಡಿಯ ತಲೆಯಲ್ಲಿ, ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಒಂದು ಹೊಸ ಬಡಾವಣೆ ಏಳುತ್ತಿದೆ. ನಿವೇಶನಗಳು ಮಾರಾಟವಾಗಿವೆ, ಒಳಚರಂಡಿಗೆ ಕೊನೆಯ ಸಂಪರ್ಕ ಎಲ್ಲಿ ಎಂಬುದು ನಕ್ಷೆಯಲ್ಲಿಲ್ಲ, ಇಳಿಜಾರು ಮಾತ್ರ ನೇರವಾಗಿ ನಮ್ಮ ಚರಂಡಿಯ ಕಡೆಗೆ. ಯೋಜನಾ ಪ್ರಾಧಿಕಾರಕ್ಕೂ ಪಂಚಾಯತಿಗೂ ಪೌರಾಯುಕ್ತರ ಸಹಿಯಲ್ಲಿ ಪತ್ರ ಹೋಗಿದೆ. ಉತ್ತರ ಬರುವವರೆಗೆ, ಬಡಾವಣೆಯ ಕೆಳಗಿನ ಮೊದಲ ಚಪ್ಪಡಿಯ ಬಳಿ ನಮ್ಮ ವಾಲ್ವ್‌ಮನ್ ಪ್ರತಿ ವಾರ ಹರಿವು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದಾರೆ.