ಆಂಟಿಫೆರೋಎಲೆಕ್ಟ್ರಿಕ್ ದ್ರವಸ್ಫಟಿಕವನ್ನು ಗುರುತಿಸುವ ಕ್ರಮ

ಕೈರಲ್ ಸ್ಮೆಕ್ಟಿಕ್ ದ್ರವಸ್ಫಟಿಕದ (ತಮ್ಮ ಕನ್ನಡಿಬಿಂಬಕ್ಕೆ ಹೊಂದದ ಅಣುಗಳು ಪದರಪದರವಾಗಿ ಜೋಡಿಕೊಂಡಿರುವ, ದ್ರವ ಮತ್ತು ಸ್ಫಟಿಕಗಳ ನಡುವಿನ ಸ್ಥಿತಿಯ ವಸ್ತು) ಆಂಟಿಫೆರೋಎಲೆಕ್ಟ್ರಿಕ್ ಹಂತದಲ್ಲಿ ಅಕ್ಕಪಕ್ಕದ ಪದರಗಳ ಅಣುಗಳು ವಿರುದ್ಧ ದಿಕ್ಕುಗಳಿಗೆ ವಾಲಿರುವುದರಿಂದ ಅವುಗಳ ವಿದ್ಯುತ್ ಧ್ರುವೀಕರಣ (ಧನ-ಋಣ ಆವೇಶಗಳ ಬೇರ್ಪಡುವಿಕೆ) ಪರಸ್ಪರ ರದ್ದಾಗುತ್ತದೆ. ಇದನ್ನು ಗುರುತಿಸಲು, ಎಂಎಚ್‌ಪಿಒಬಿಸಿ ಎಂಬ ದ್ರವಸ್ಫಟಿಕ ಸಂಯುಕ್ತದಂತಹ ವಸ್ತುವನ್ನು ಪೂರ್ಣ ದ್ರವವಾಗುವಷ್ಟು ಕಾಯಿಸಿ, ಪಾರದರ್ಶಕ ವಿದ್ಯುದ್ವಾರಗಳಿರುವ ಸುಮಾರು 2 ಮೈಕ್ರೊಮೀಟರ್ ಅಂತರದ ಗಾಜಿನ ಕೋಶಕ್ಕೆ ತುಂಬಿ, ಬಹಳ ನಿಧಾನವಾಗಿ ತಣಿಸಬೇಕು. ಇಲ್ಲಿ ಅವಸರಪಟ್ಟರೆ ಪದರಗಳು ಸಾಲಾಗಿ ನಿಲ್ಲದೆ ಮುಂದಿನ ಅಳತೆಗಳೆಲ್ಲ ಕೆಡುತ್ತವೆ. ಪರಸ್ಪರ ಲಂಬವಾಗಿರಿಸಿದ ಎರಡು ಧ್ರುವಕಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಗಳ) ನಡುವೆ, ಪದರಗಳ ಲಂಬರೇಖೆ ಒಂದು ಧ್ರುವಕಕ್ಕೆ ಸಮಾನಾಂತರವಾಗಿದ್ದರೆ, ವೋಲ್ಟೇಜ್ ಇಲ್ಲದಾಗ ಕೋಶ ಕಪ್ಪಾಗಿಯೂ, ಸಾಕಷ್ಟು ಧನ ಅಥವಾ ಋಣ ವೋಲ್ಟೇಜ್ ಕೊಟ್ಟಾಗ ಬೆಳ್ಳಗೂ ಕಾಣುತ್ತದೆ. ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಇರುವುದು ವಿದ್ಯುತ್ ಪ್ರವಾಹದ ಅಳತೆಯ ಮೇಲೆ: ಕಡಿಮೆ ಆವರ್ತನದ ತ್ರಿಕೋನ ತರಂಗದ ವೋಲ್ಟೇಜ್ ಕೊಟ್ಟು ಆಸಿಲೋಸ್ಕೋಪಿನಲ್ಲಿ ನೋಡಿದರೆ, ಎಲ್ಲ ಪದರಗಳ ಅಣುಗಳೂ ಒಂದೇ ದಿಕ್ಕಿಗೆ ವಾಲಿರುವ ಫೆರೋಎಲೆಕ್ಟ್ರಿಕ್ ಹಂತದಲ್ಲಿ ಪ್ರತಿ ಅರ್ಧಾವರ್ತಕ್ಕೆ ಪ್ರವಾಹದ ಒಂದೇ ಶಿಖರ ಮೂಡಿದರೆ ಆಂಟಿಫೆರೋಎಲೆಕ್ಟ್ರಿಕ್ ಹಂತದಲ್ಲಿ ಎರಡು ಮೂಡುತ್ತವೆ.